ಮಾತಿಲ್ಲದೆ ಕಲಿಸಿದ ಆಟ



ಮಕ್ಕಳ ವಿಡಿಯೋ ಆಟಕ್ಕೂ ಕನ್ನಡ ಕೂಟದ ಉಪನ್ಯಾಸಕ್ಕೂ ಏನು ನಂಟು ಎಂದು ತಾವು ಕೇಳಬಹುದು. ಈ ವಿಂಡಮ್ ವೇಲ್‌ನಲ್ಲಿ ಮಕ್ಕಳ ನಾಲಿಗೆಯ ಮೇಲೆ ಕನ್ನಡವನ್ನು ಉಳಿಸಲು ಹೆಣಗುತ್ತಿರುವ ತಂದೆತಾಯಂದಿರು ಒಂದು ಹಳೆಯ ಆಟದಿಂದ ಕಲಿಯಬೇಕಾದುದಿದೆ ಎಂಬುದೇ ನನ್ನ ಉತ್ತರ.

1985ರ ಸೆಪ್ಟೆಂಬರ್ 13ರಂದು ಜಪಾನಿನ ನಿಂಟೆಂಡೊ ಸಂಸ್ಥೆಯು ‘ಸೂಪರ್ ಮಾರಿಯೊ ಬ್ರದರ್ಸ್’ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕ ಅದರ ವಿನ್ಯಾಸಕಾರರು. ಸಂಗೀತ ಕೋಜಿ ಕೊಂಡೊ ಅವರದು. ಮೀಸೆಯ ಮಾರಿಯೊ ಓಡುತ್ತ, ಜಿಗಿಯುತ್ತ ಬಲಕ್ಕೆ ಸಾಗಿದಂತೆ ಪರದೆಯ ದೃಶ್ಯವೂ ಸುರುಳಿಯಂತೆ ಬಿಚ್ಚಿಕೊಳ್ಳುತ್ತದೆ. ಹೀಗೆ ಪಕ್ಕಕ್ಕೆ ಸರಿಯುವ ಆಟಗಳು ಮೊದಲೂ ಇದ್ದವು. ಆ ಬಗೆಗೆ ಮಾದರಿಯಾಗಿ ನಿಂತದ್ದು ಇದು. 32 ಹಂತಗಳ ಆ ಲೋಕವೆಲ್ಲ ಸುಮಾರು 40 ಕಿಲೋಬೈಟ್‌ಗಳಲ್ಲಿ ಅಡಗಿತ್ತು. ಜಾಗದ ಮಿತವ್ಯಯಕ್ಕಾಗಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿದ್ದರು.

ಆದರೆ ಆಟದ ನಿಜವಾದ ಹಿರಿಮೆ ಅದರ ಬೋಧನಾಕ್ರಮದಲ್ಲಿದೆ. ಮೊದಲ ಹಂತದಲ್ಲಿ ಸೂಚನೆಯ ಒಂದು ವಾಕ್ಯವೂ ಇಲ್ಲ. ಮಾರಿಯೊ ಪರದೆಯ ಎಡದಲ್ಲಿ, ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಮುಂದೆ ಬಯಲು. ಎತ್ತ ಹೋಗಬೇಕೆಂದು ಹೇಳುವ ಅಗತ್ಯವೇ ಇಲ್ಲ. ಅನತಿ ದೂರದಲ್ಲಿ ಶತ್ರುವೊಂದು ಎದುರಾಗುತ್ತದೆ, ಜಿಗಿಯದಿದ್ದರೆ ಸೋಲು. ಸೋತರೂ ಆರಂಭದಿಂದ ಕೆಲವೇ ಹೆಜ್ಜೆ ದೂರ. ಮಗು ಬೇಸರಿಸದೆ ಮತ್ತೆ ಹೊರಡುತ್ತದೆ. ಅದೇ ಹಂತದ ಕೊನೆಯಲ್ಲಿ ಎದುರುಬದುರಾಗಿ ಎರಡು ಮೆಟ್ಟಿಲುಸಾಲುಗಳಿವೆ. ಅವುಗಳ ನಡುವೆ ಬಿದ್ದರೆ ಕೆಳಗೆ ಗಟ್ಟಿನೆಲ. ಸ್ವಲ್ಪ ಮುಂದೆ ಅಂಥದೇ ಇನ್ನೊಂದು ಜೋಡಿ. ಅಲ್ಲಿ ಮಾತ್ರ ಕೆಳಗೆ ನೆಲವಿಲ್ಲ. ಮೊದಲು ನಿರ್ಭಯವಾದ ಅಭ್ಯಾಸ, ಆಮೇಲೆ ಪರೀಕ್ಷೆ!

ಈ ಮೌನಬೋಧನೆಗೆ ಭಾಷೆಯ ಗಡಿ ಅಡ್ಡಬರಲಿಲ್ಲ. ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. 1990ರ ದಶಕದಲ್ಲಿ ಭಾರತದ ಎಷ್ಟೋ ಮನೆಗಳಲ್ಲಿ ಅಗ್ಗದ ನಕಲು ಯಂತ್ರಗಳನ್ನು ಟಿ.ವಿ.ಗೆ ಜೋಡಿಸಿ, ಇಂಗ್ಲಿಷ್ ಬಾರದ ಮಕ್ಕಳೂ ಇದನ್ನು ಆಡಿದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಕೊಂಡೊ ಅವರ ಸಂಗೀತವನ್ನು ಸೇರಿಸಿತು; ವಿಡಿಯೋ ಆಟದ ಸಂಗೀತಕ್ಕೆ ಆ ಗೌರವ ದೊರೆತದ್ದು ಅದೇ ಮೊದಲು. ನಮ್ಮ ಆಸ್ಟ್ರೇಲಿಯದಲ್ಲಿಯೂ ಆ ವಂಶದ ಕುಡಿಯೊಡೆದಿದೆ: ಅಡಿಲೇಡ್‌ನ ಟೀಮ್ ಚೆರ್ರಿ ಎಂಬ ಪುಟ್ಟ ತಂಡ 2017ರಲ್ಲಿ ಹೊರತಂದ ‘ಹಾಲೋ ನೈಟ್’ ಜಗತ್ಪ್ರಸಿದ್ಧವಾಯಿತು. ಮಾರಿಯೊವಿನ ಆ ಮೊದಲ ಆಟದಲ್ಲಿ ದಾಟಿಬಂದ ದೃಶ್ಯಕ್ಕೆ ಮರಳುವಂತಿರಲಿಲ್ಲ; ಇಲ್ಲಿ ಎತ್ತಲೂ ಹೋಗಬಹುದು, ಮರಳಬಹುದು. ಆದರೂ ಓಟ, ಜಿಗಿತಗಳ ಮೂಲಪಾಠ ಅದೇ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಮಗು ತಡವರಿಸುತ್ತ ಒಂದು ಕನ್ನಡ ವಾಕ್ಯವಾಡಿದೊಡನೆ ನಾವು ನಗುತ್ತೇವೆ, ಇಲ್ಲವೇ ನಡುವೆಯೇ ತಿದ್ದುತ್ತೇವೆ. ಊರಿನಿಂದ ಅಜ್ಜಿಯ ಫೋನು ಬಂದಾಗ ಮಾತ್ರ “ಕನ್ನಡದಲ್ಲಿ ಮಾತಾಡು” ಎಂದು ಒತ್ತಾಯಿಸುತ್ತೇವೆ. ಅದು ನೆಲವಿಲ್ಲದ ಕಂದಕ. ಅಭ್ಯಾಸದ ಗಟ್ಟಿನೆಲವನ್ನು ನಾವು ಕೊಟ್ಟೇ ಇಲ್ಲ. ಮಗು ಮೌನಕ್ಕೆ ಶರಣಾದರೆ ಅಚ್ಚರಿಯೇನು? ಊಟದ ಹೊತ್ತಿನಲ್ಲಿ, ಕಾರಿನ ಪಯಣದಲ್ಲಿ, ತಪ್ಪಿದರೂ ಯಾರೂ ನಗದ ಸಣ್ಣಸಣ್ಣ ಮಾತುಗಳಿಗೆ ಅವಕಾಶವಿರಲಿ. ಬಿದ್ದ ಮಗು ತಾನಾಗಿ ಎದ್ದು ಮತ್ತೆ ಜಿಗಿಯುವಂತೆ ಮಾಡುವುದೇ ಒಳ್ಳೆಯ ಗುರುವಿನ ಲಕ್ಷಣ. ಆ ಲಕ್ಷಣ ಒಂದು ಆಟಕ್ಕೆ ಸಾಧ್ಯವಾಗಿರುವಾಗ ತಾಯ್ತಂದೆಯರಿಗೆ ಅಸಾಧ್ಯವಾಗಲಾರದು.