ನಿಮಗಿದು ಗೊತ್ತೆ? ಮೈಕ್ರೋವೇವ್‌ಗೆ ಅರ್ಧ ಪವರ್ ಸಾಕು!

ಮೈಕ್ರೋವೇವ್‌ನಲ್ಲಿಟ್ಟ ಸಾಂಬಾರಿನ ಅಂಚು ಕುದಿಯುತ್ತಿದ್ದರೂ ನಡುಭಾಗ ತಣ್ಣಗಿದ್ದರೆ, ಅದು ಓವನ್‌ನ ದೋಷವಲ್ಲ. ಸದಾ ಪೂರ್ಣ ಪವರ್ ಬಳಸುವ ನಮ್ಮ ಅಭ್ಯಾಸದ ಫಲ. ಓವನ್‌ನ 2,450 ಮೆಗಾಹರ್ಟ್ಸ್‌ನ ಅಲೆಗಳು ಸಾಮಾನ್ಯವಾಗಿ ಆಹಾರದೊಳಗೆ ಎರಡು-ಮೂರು ಸೆಂಟಿಮೀಟರ್‌ನಷ್ಟೇ ಇಳಿಯುತ್ತವೆ. ಅಲ್ಲಿಂದಾಚೆಗೆ ಶಾಖ ತಾನಾಗಿ ಹರಡಬೇಕು; ಅದಕ್ಕೆ ಸಮಯ ಬೇಕು. ಇನ್ವರ್ಟರ್ ತಂತ್ರಜ್ಞಾನವಿಲ್ಲದ ಓವನ್‌ಗಳಲ್ಲಿ 50% ಪವರ್ ಎಂದರೆ ಅಲೆಗಳು ದುರ್ಬಲವಾಗುವುದಲ್ಲ. ಅಲೆಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್ ಅರ್ಧ ಹೊತ್ತು ಕೆಲಸ ಮಾಡಿ, ಅರ್ಧ ಹೊತ್ತು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲೇ ಶಾಖ ಒಳಕ್ಕೆ ತಲುಪುತ್ತದೆ. ದಪ್ಪ ತೊವ್ವೆ, ಗೊಜ್ಜುಗಳೊಳಗೆ ಸಿಕ್ಕಿಬಿದ್ದ ಆವಿ ಸಿಡಿದು ಓವನ್‌ನ ಗೋಡೆಗೆಲ್ಲ ಚಿಮ್ಮುವುದೂ ತಗ್ಗುತ್ತದೆ.

ಅರ್ಧ ಪವರ್‌ನಲ್ಲಿ ಸಮಯ ಇಮ್ಮಡಿಯಾದರೆ ಕರೆಂಟೂ ಇಮ್ಮಡಿಯಾಗದೇ ಎಂದು ಕೇಳಬಹುದು. ಇಲ್ಲ, ಪೂರ್ಣ ಪವರ್‌ನ ಎರಡು ನಿಮಿಷಕ್ಕೂ ಅರ್ಧ ಪವರ್‌ನ ನಾಲ್ಕು ನಿಮಿಷಕ್ಕೂ ಮ್ಯಾಗ್ನೆಟ್ರಾನ್ ಉರಿಯುವ ಹೊತ್ತು ಒಂದೇ. ತಟ್ಟೆ ತಿರುಗುತ್ತದಲ್ಲ, ಅಷ್ಟು ಸಾಲದೇ ಎಂಬ ಮಾತೂ ಇದೆ. ತಿರುಗಿದರೂ ತಟ್ಟೆಯ ಮಧ್ಯಭಾಗ ಇದ್ದಲ್ಲೇ ಇರುತ್ತದೆ. ಆದ್ದರಿಂದ ಅನ್ನ, ಪಲ್ಯಗಳನ್ನು ನಡುವೆ ಗುಪ್ಪೆ ಹಾಕದೆ ಸುತ್ತ ಬಳೆಯಾಕಾರದಲ್ಲಿ ಹರಡುವುದು ಲೇಸು. ಕಡಿಮೆ ಪವರ್‌ನಲ್ಲಿ ರೋಗಾಣು ಉಳಿದಾವು ಎಂಬ ಆತಂಕ ಸಹಜವೇ. ಆದರೆ ಮುಖ್ಯವಾದುದು ಪವರ್ ಅಲ್ಲ, ತಾಪಮಾನ: ಉಳಿದ ಆಹಾರ ಎಲ್ಲ ಕಡೆಯೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ತಣ್ಣನೆಯ ನಡುಭಾಗವೇ ನಿಜವಾದ ಅಪಾಯ. ಹಾಗಾಗಿ ಮೈಕ್ರೋವೇವ್‌ಗೆ ಒಗ್ಗುವ ಮುಚ್ಚಳವನ್ನು ಸಡಿಲವಾಗಿ ಮುಚ್ಚಿ, ನಡುವೆ ಒಮ್ಮೆ ಕಲಕಿ, ಕೊನೆಗೆ ಎರಡು ನಿಮಿಷ ಹಾಗೇ ಬಿಟ್ಟು ಬಡಿಸಿ.