ಸೆರೆಗೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಇಂಗ್ಲಿಷ್ ವರ್ತಮಾನಪತ್ರಗಳಲ್ಲಿ ಅರೆಸ್ಟ್, ಡಿಟೇನ್, ಇಂಪ್ರಿಜನ್, ಇಂಟರ್ನ್ ಎಂಬ ಶಬ್ದಗಳು ಪದೇಪದೇ ಕಾಣಿಸುತ್ತವೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ ನಮ್ಮ ವಿದ್ಯಾರ್ಥಿಗಳಲ್ಲಿ ಇವೆಲ್ಲಕ್ಕೂ ‘ಸೆರೆಯಲ್ಲಿಡು’ ಎಂಬ ಒಂದೇ ಅರ್ಥವನ್ನು ಬರೆದುಕೊಳ್ಳುವ ರೂಢಿಯುಂಟು. ಹಾಗೆ ಮಾಡಿದರೆ, ಸೆರೆಯಾದವನ ಅಪರಾಧವು ನ್ಯಾಯಾಲಯದಲ್ಲಿ ಸಿದ್ಧವಾಗಿದೆಯೋ ಇಲ್ಲವೋ ಎಂಬ ಮುಖ್ಯ ಸಂಗತಿಯೇ ಮರೆಯಾಗುತ್ತದೆ.

ಅರೆಸ್ಟ್ ಎಂದರೆ ಮೂಲತಃ ತಡೆದು ನಿಲ್ಲಿಸುವುದು. ಹೃದಯದ ಬಡಿತ ನಿಂತಾಗ ವೈದ್ಯರು ಕಾರ್ಡಿಯಾಕ್ ಅರೆಸ್ಟ್ ಎನ್ನುವುದೂ ಇದರಿಂದಲೇ. ಪೊಲೀಸರು ಹಿಡಿದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ನಮ್ಮ ಸಂವಿಧಾನದ 22ನೆಯ ಅನುಚ್ಛೇದದಂತೆ ಹಿಡಿದವನಿಗೆ ಕಾರಣವನ್ನು ತಿಳಿಸಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ವಿಚಾರಣೆ ಮುಗಿದು ಶಿಕ್ಷೆಯಾದ ಮೇಲೆ ಸಾಮಾನ್ಯವಾಗಿ ಬಳಸುವ ಮಾತು ಇಂಪ್ರಿಜನ್‌ಮೆಂಟ್. ಪ್ರಿಜನ್ ಎಂಬುದು ‘ಹಿಡಿ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿತು. ಜೈಲ್ ಎಂಬುದರ ಮೂಲಾರ್ಥವಂತೂ ‘ಚಿಕ್ಕ ಪಂಜರ’! ಹಳೆಯ ಪುಸ್ತಕಗಳಲ್ಲಿ ಇದನ್ನೇ ಜಿ, ಎ, ಓ, ಎಲ್ ಎಂದು ಬರೆದಿರುವುದನ್ನು ಕಾಣುತ್ತೇವೆ. ನಡುವಿನ ಎರಡಕ್ಷರ ಅದಲುಬದಲಾದರೆ ಅದು ಕಾಲ್ಚೆಂಡಿನಾಟದ ಗೋಲ್ ಆಗುತ್ತದೆ, ಪರೀಕ್ಷೆಯಲ್ಲಿ ಎಚ್ಚರವಿರಲಿ.

ಡಿಟೇನ್ ಎಂಬುದು ಕಿವಿಗೆ ಮೃದುವಾದ ಶಬ್ದ. ‘ಸ್ವಲ್ಪ ಹೊತ್ತು ನಿಲ್ಲಿಸಿಕೊಂಡರು’ ಎಂಬಷ್ಟಕ್ಕೂ ಅದು ಸಲ್ಲುತ್ತದೆ. ಅದರ ಕಾಠಿಣ್ಯವನ್ನು ಅರಿಯಲು ಮಹಾತ್ಮಾ ಗಾಂಧಿಯವರ ಎರಡು ಸೆರೆವಾಸಗಳನ್ನು ಹೋಲಿಸಿ ನೋಡೋಣ. 1922ರ ಮಾರ್ಚಿಯಲ್ಲಿ ಅಹಮದಾಬಾದಿನ ನ್ಯಾಯಾಧೀಶರು ಅವರ ವಿಚಾರಣೆ ನಡೆಸಿ 6 ವರ್ಷಗಳ ಸಾದಾ ಸಜೆಯನ್ನು ವಿಧಿಸಿದರು. ಅವರನ್ನು ಪುಣೆಯ ಯೆರವಡಾ ಜೈಲಿನಲ್ಲಿಟ್ಟರು. ಇದು ಇಂಪ್ರಿಜನ್‌ಮೆಂಟ್. 1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಅವರನ್ನು ಹಿಡಿದು ಅದೇ ಪುಣೆಯ ಆಗಾಖಾನ್ ಅರಮನೆಗೆ ಒಯ್ದರು. ಈ ಸಲ ವಿಚಾರಣೆಯಿಲ್ಲ, ತೀರ್ಪಿಲ್ಲ, ಅವಧಿಯೂ ಇಲ್ಲ. ಇದು ಡಿಟೆನ್ಶನ್. ಇದ್ದುದು ಅರಮನೆಯೇ ಆದರೂ ಬಿಡುಗಡೆಯ ದಿನ ಯಾವುದೆಂದು ಕೇಳಲು ನ್ಯಾಯಾಲಯದ ತೀರ್ಪೊಂದು ಇರಲಿಲ್ಲ. 1944ರ ಫೆಬ್ರುವರಿ 22ರಂದು ಕಸ್ತೂರ್ಬಾ ಅವರು ಅಲ್ಲಿಯೇ ತೀರಿಕೊಂಡರು. ಗಾಂಧೀಜಿಯವರು ಹೊರಬಂದುದು ಮೇ 6ರಂದು. ಈ ಎರಡರಲ್ಲಿ ಮೃದುವಾದ ಶಬ್ದವೇ ಹೆಚ್ಚು ಅಂಜಿಕೆಯದೆಂದು ನಮಗೆ ತೋರುತ್ತದೆ.

ಅಪರಾಧ ನಡೆಯುವ ಮೊದಲೇ ತಡೆಹಿಡಿಯುವ ಪ್ರಿವೆಂಟಿವ್ ಡಿಟೆನ್ಶನ್ ಸ್ವತಂತ್ರ ಭಾರತದಲ್ಲಿಯೂ ಉಂಟು. ಮೇಲೆ ಹೇಳಿದ 24 ಗಂಟೆಗಳ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಆದರೆ 3 ತಿಂಗಳಿಗಿಂತ ಹೆಚ್ಚು ಕಾಲ ಇಡಬೇಕಾದರೆ ಸಲಹಾ ಮಂಡಲಿಯೊಂದು ಸಾಕಷ್ಟು ಕಾರಣವಿದೆಯೆಂದು ಹೇಳಬೇಕೆಂಬುದು ಸಂವಿಧಾನದ ಸಾಮಾನ್ಯ ನಿಯಮ.

ಇಂಟರ್ನ್ ಮಾಡುವುದೆಂದರೆ ಒಂದು ಊರಿನ ಅಥವಾ ಶಿಬಿರದ ಎಲ್ಲೆಯೊಳಗೆ ಇರಿಸುವುದು. ಯುದ್ಧಕಾಲದಲ್ಲಿ ಈ ಮಾತು ಹೆಚ್ಚು. 1917ರಲ್ಲಿ ಆನಿ ಬೆಸೆಂಟರನ್ನು ಮದರಾಸು ಸರಕಾರವು ಹೀಗೆಯೇ ಉದಕಮಂಡಲದಲ್ಲಿರಿಸಿತ್ತು. ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ತರುಣ ವೈದ್ಯನೂ ಇಂಟರ್ನನೇ, ಆದರೆ ಅವನು ಸೆರೆಯಾಳಲ್ಲ.

ಇನ್‌ಕಾರ್ಸರೇಟ್ ಎಂಬುದು ಭಾರವಾದ ಗ್ರಾಂಥಿಕ ಶಬ್ದ. ಪ್ರಬಂಧಕ್ಕೆ ಇಂಪ್ರಿಜನ್ ಸಾಕು. ಕನ್‌ಫೈನ್ ಎಂಬುದರಲ್ಲಿರುವುದು ಎಲ್ಲೆಯ ಭಾವನೆ. ಕಾಯಿಲೆಯವನು ಹಾಸಿಗೆಗೆ ಕನ್‌ಫೈನ್ ಆಗಬಹುದು. ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ಗೃಹಿಣಿಯೊಬ್ಬಳ ಕನ್‌ಫೈನ್‌ಮೆಂಟ್ ಸಮೀಪಿಸಿತೆಂದು ಬರೆದಿದ್ದರೆ ಪೊಲೀಸರಿಗಾಗಿ ಪುಟ ತಿರುವಬೇಡಿರಿ. ಆ ಮನೆಯಲ್ಲಿ ನಿರೀಕ್ಷಿಸುತ್ತಿರುವುದು ಹೆರಿಗೆಯನ್ನು.