ಮಗುವಿನ ಉಸಿರೆಣಿಕೆ: ತಾಯಂದಿರು ಕಲಿಯಬೇಕಾದ ಪಾಠ

ಬೇಲೂರು ತಾಲ್ಲೂಕಿನ ಮಲೆನಾಡಿನ ಅಂಚಿನ ಹಳ್ಳಿಗಳಲ್ಲಿ ಮುಂಗಾರು ಹಿಡಿಯಿತೆಂದರೆ ದಿನಗಟ್ಟಲೆ ಬಿಡುವಿಲ್ಲ. ಸೌದೆ ಒದ್ದೆಯಾಗಿ ಒಲೆ ಹೊಗೆಯಾಡುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ಹೊಗೆಯ ನಡುವೆಯೇ ಕೂಸು ಮಲಗಿರುತ್ತದೆ. ಈ ಕಾಲದಲ್ಲಿ ಮಕ್ಕಳಿಗೆ ನೆಗಡಿ, ಕೆಮ್ಮು ಬರುವುದು ಸಾಮಾನ್ಯ. ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ. ಈ ರೋಗ ಪ್ರತಿ ವರ್ಷ ಐದು ವರ್ಷದೊಳಗಿನ 7 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತದೆಂದು ಯುನಿಸೆಫ್ ಅಂದಾಜಿಸಿದೆ.

ಇವೆರಡರ ವ್ಯತ್ಯಾಸ ತಿಳಿಯಲು ಸ್ಟೆತೊಸ್ಕೋಪ್ ಬೇಕಿಲ್ಲ, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವುದು ಸಲ್ಲದು, ಎಳೆಯ ಮಕ್ಕಳ ಉಸಿರಾಟ ಒಂದೇ ಸಮನಾಗಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಸೆಳೆದುಕೊಂಡರೆ, ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ವೇಗದ ಉಸಿರಾಟವೊಂದೇ ಸಾಕಾದ ಕಾರಣ.

ಇಂಥ ಪಾಠದಿಂದ ಜೀವ ಉಳಿಯುತ್ತದೆಯೇ? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ವೈದ್ಯ ದಂಪತಿ ಹಳ್ಳಿಗರಿಗೆ ರೋಗಲಕ್ಷಣ ತಿಳಿಸಿ, ಗ್ರಾಮದ ಕಾರ್ಯಕರ್ತರಿಂದಲೇ ಚಿಕಿತ್ಸೆ ಕೊಡಿಸಿದರು. ಅಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ ನೆರೆಯ ಹಳ್ಳಿಗಳಿಗಿಂತ ಅರ್ಧಕ್ಕೂ ಕಡಿಮೆಯಿತ್ತು. ಈ ವರದಿ 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಸಾಮಾನ್ಯ ಕೆಮ್ಮಿಗೆ ಮನೆಯ ಆರೈಕೆಯೇ ಮದ್ದು. ಎದೆಹಾಲನ್ನು ನಿಲ್ಲಿಸದೆ ಪದೇ ಪದೇ ಕುಡಿಸಬೇಕು. ಆರು ತಿಂಗಳು ದಾಟಿದವರಿಗೆ ಬೆಚ್ಚಗಿನ ಗಂಜಿ, ನೀರು ಕೊಡಬಹುದು. ಮೂಗಿಗೆ, ಬಾಯಿಗೆ ಎಣ್ಣೆ ಬಿಡುವ ಹಳೆಯ ರೂಢಿ ಮಾತ್ರ ಅಪಾಯಕಾರಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅದೇ ನ್ಯುಮೋನಿಯಾಕ್ಕೆ ಎಡೆಮಾಡುತ್ತದೆ. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಅಂಗಡಿಯ ಸಿರಪ್ಪಿನ ಮೇಲಿನ ನಂಬಿಕೆಯಂತೂ ಎಲ್ಲಕ್ಕಿಂತ ದುಬಾರಿ. 2025ರಲ್ಲಿ ಮಧ್ಯಪ್ರದೇಶದಲ್ಲಿ ಕಲುಷಿತ ಸಿರಪ್ ಕುಡಿದು ಮಕ್ಕಳು ಸತ್ತ ಬಳಿಕ, ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಔಷಧ ಕೊಡಬಾರದೆಂದು ಕೇಂದ್ರ ಸರ್ಕಾರ ಸೂಚಿಸಿತು.

ತಾಯಿಗೆ ಇದನ್ನೆಲ್ಲ ಕಲಿಸುವ ಹೊಣೆ ಮನೆಭೇಟಿಗೆ ಬರುವ ಆಶಾ ಕಾರ್ಯಕರ್ತೆಯರದು. ಕೇಂದ್ರವು 2019ರಲ್ಲಿ ಆರಂಭಿಸಿದ ‘ಸಾನ್ಸ್’ ಅಭಿಯಾನದಲ್ಲಿ, ಮಗುವನ್ನು ಆಸ್ಪತ್ರೆಗೆ ಕಳುಹಿಸುವ ಮುನ್ನ ಅಮಾಕ್ಸಿಸಿಲಿನ್‌ನ ಮೊದಲ ಡೋಸ್ ನೀಡುವ ಅವಕಾಶವನ್ನೂ ಅವರಿಗೆ ಕೊಡಲಾಗಿದೆ. ತೋಟದಿಂದ ಪಟ್ಟಣದ ಆಸ್ಪತ್ರೆ ದೂರವಿರುವಲ್ಲಿ ಆ ಒಂದು ಡೋಸ್ ಅಮೂಲ್ಯ ಗಂಟೆಗಳನ್ನು ಉಳಿಸಬಲ್ಲದು. ಆದರೆ ಆಶಾ ಕಾರ್ಯಕರ್ತೆಯನ್ನು ಕರೆಯಬೇಕಾದುದು ಯಾವಾಗ ಎಂಬುದನ್ನು ಮೊದಲು ಗುರುತಿಸಬೇಕಾದವಳು, ರಾತ್ರಿಯಿಡೀ ಮಗುವಿನ ಪಕ್ಕದಲ್ಲಿರುವ ತಾಯಿ.